ಪಟ್ಟಣಂ ಕೆಸರಿನಲ್ಲಿ ಸಿಕ್ಕಿದ್ದನ್ನು ಬಾರಕೂರಿನ ಕಡವಿನಲ್ಲಿ ಯಾರೂ ಹುಡುಕಲಿಲ್ಲವೇಕೆ?

ಸೀತಾತೀರ:

ಕೇರಳದ ಉತ್ತರ ಪರವೂರಿನ ಹತ್ತಿರ ಪಟ್ಟಣಂ ಎಂಬ ಊರಿದೆ. ಮಳೆ ಬಿದ್ದು ಮೇಲ್ಮಣ್ಣು ತೊಳೆದುಹೋದಾಗ ಅಲ್ಲಿನ ಅಂಗಳಗಳಲ್ಲಿ ಗಾಜಿನ ಮಣಿಗಳು, ಮಡಕೆಯ ಬೋಕಿಗಳು ಕಾಣಿಸಿಕೊಳ್ಳುತ್ತಿದ್ದವು. 2007ರಿಂದ ಕೇರಳ ಇತಿಹಾಸ ಸಂಶೋಧನಾ ಪರಿಷತ್ತು ಪಿ.ಜೆ. ಚೆರಿಯನ್ ಅವರ ನೇತೃತ್ವದಲ್ಲಿ ಅಲ್ಲಿ ಉತ್ಖನನ ನಡೆಸಿತು. ಇಟ್ಟಿಗೆಯ ಧಕ್ಕೆ, ಸುಮಾರು 6 ಮೀಟರ್ ಉದ್ದದ ಒಂಟಿಮರದ ದೋಣಿ, ದೋಣಿ ಕಟ್ಟಲು ನೆಟ್ಟಿದ್ದ ತೇಗದ ಗೂಟಗಳು, ರೋಮ್ ಕಡೆಯಿಂದ ಬಂದ ಅಂಫೋರಾ ಜಾಡಿಗಳ ಸಾವಿರಾರು ಚೂರುಗಳು, ಕರಿಮೆಣಸಿನ ಕಾಳುಗಳು ಹೊರಬಂದವು. ಗ್ರೀಕರು, ರೋಮನರು ಬರೆದಿಟ್ಟ ಮುಜಿರಿಸ್ ಬಂದರು ಇದೇ ಎಂದು ಉತ್ಖನನ ತಂಡ ಹೇಳುತ್ತದೆ. ಅಷ್ಟು ಖಚಿತವಾಗಿ ಹೇಳಲು ಪುರಾವೆ ಸಾಲದು ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಹೆಸರಿನ ಜಗಳ ಏನೇ ಇರಲಿ, ಎರಡು ಸಾವಿರ ವರ್ಷ ಹಿಂದೆ ಅಲ್ಲಿ ಹಡಗಿನ ಸರಕು ಇಳಿಯುತ್ತಿತ್ತು ಎಂಬುದಂತೂ ಮಣ್ಣಿನಿಂದಲೇ ಗೊತ್ತಾಯಿತು.

ನಾನು ಉಡುಪಿ ಜಿಲ್ಲೆಯ, ಸೀತಾ ಹೊಳೆಯ ದಡದ ಬಾರಕೂರಿನವಳು. ನಮ್ಮ ಊರಿನ ಬಗ್ಗೆ ಮಾತು ಬಂದಾಗಲೆಲ್ಲ ಕತ್ತಲೆ ಬಸದಿ, ಕೋಟೆ, ಭೂತಾಳ ಪಾಂಡ್ಯ, 365 ದೇವಸ್ಥಾನಗಳು ಎನ್ನುವಲ್ಲಿಗೆ ಮಾತು ನಿಲ್ಲುತ್ತದೆ. ಇದು ಶತಮಾನಗಳ ಕಾಲ ಬಂದರು ನಗರವಾಗಿತ್ತು. ಹಾಗಿದ್ದರೆ ಹಡಗಿನವರು ಇಳಿದ ಜಾಗ ಎಲ್ಲಿ? ಗೋದಾಮು ಎಲ್ಲಿ? ಸುಂಕದ ಕಟ್ಟೆ ಎಲ್ಲಿ? ದೇವಸ್ಥಾನದ ಕಲ್ಲನ್ನು ನೂರು ಸಲ ಓದಿದ್ದೇವೆ. ಹೊಳೆಯ ಬದಿಯ ಕೆಸರನ್ನೂ ಅಷ್ಟೇ ಶ್ರದ್ಧೆಯಿಂದ ಓದಬೇಕು ಎಂಬುದು ನನ್ನ ಬಲವಾದ ಅನಿಸಿಕೆ. ತಿಳಿದವರು ಹೇಳಿ.

ಶಾಸನಪ್ರಿಯ:

ತಂಗೀ, ಒಳ್ಳೆಯ ಪ್ರಶ್ನೆ. ಮೊದಲು ಕಾಲವನ್ನು ಬಿಡಿಸಿಟ್ಟುಕೊಳ್ಳೋಣ, ಇಲ್ಲದಿದ್ದರೆ ಚರ್ಚೆ ದಾರಿ ತಪ್ಪುತ್ತದೆ.

ಪಟ್ಟಣಂನ ವೈಭವ ಕ್ರಿಸ್ತಶಕದ ಆರಂಭದ ಆಸುಪಾಸಿನದು. ಬಾರಕೂರಿನ ಉಚ್ಛ್ರಾಯ ಅದಕ್ಕಿಂತ ಬಹಳ ಈಚಿನದು. ತುಳುನಾಡನ್ನು ಆಳಿದ ಆಳುಪ ಅರಸರ ರಾಜಧಾನಿ ಮೊದಲು ಮಂಗಳೂರು, ಉದ್ಯಾವರಗಳಲ್ಲಿದ್ದು ಆಮೇಲೆ ಬಾರಕೂರಿಗೆ ಬಂತು. ಹೊಯ್ಸಳ ಮೂರನೆಯ ಬಲ್ಲಾಳನ ರಾಣಿ ಚಿಕ್ಕಾಯಿ ತಾಯಿ 14ನೇ ಶತಮಾನದ ಮೊದಲರ್ಧದಲ್ಲಿ ಇಲ್ಲಿಂದ ಆಳಿದಳು. ವಿಜಯನಗರದ ಕಾಲದಲ್ಲಿ ಕರಾವಳಿಯನ್ನು ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂದು ಎರಡಾಗಿ ಮಾಡಿ ರಾಜ್ಯಪಾಲರನ್ನು ನೇಮಿಸಿದರು. ಶಾಸನಗಳಲ್ಲಿ ಬಾರಕೂರು ಗದ್ಯಾಣದ ಉಲ್ಲೇಖ ಬರುತ್ತದೆ. ಊರಿನ ಹೆಸರಿನಲ್ಲಿ ಚಿನ್ನದ ನಾಣ್ಯ ಓಡಾಡಬೇಕಾದರೆ ಆ ಊರಿನ ವ್ಯಾಪಾರಕ್ಕೆ ಎಷ್ಟು ತೂಕವಿರಬೇಕು, ಯೋಚಿಸಿ.

1342ರ ಸುಮಾರಿಗೆ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಈ ದಾರಿಯಾಗಿ ಹೋದ. ಅವನು ಫಾಕನೂರ್ ಎಂದು ಬರೆದದ್ದು ಬಾರಕೂರನ್ನೇ. ಕೊಲ್ಲಿಯ ಬದಿಯ ದೊಡ್ಡ ಊರು, ಬೇರೆಲ್ಲೂ ಸಿಗದಂತಹ ಕಬ್ಬು ಇಲ್ಲಿದೆ ಎನ್ನುತ್ತಾನೆ. ಅರಸನಿಗೆ ಸುಮಾರು 30 ಯುದ್ಧನೌಕೆಗಳಿದ್ದವು, ಅವುಗಳ ನಾಯಕ ಒಬ್ಬ ಮುಸ್ಲಿಂ ಎಂದೂ ಬರೆದಿದ್ದಾನೆ. ಹಾದುಹೋಗುವ ಪ್ರತಿ ಹಡಗೂ ಇಲ್ಲಿ ಲಂಗರು ಹಾಕಿ ಬಂದರಿನ ಕಾಣಿಕೆ ಕೊಡಬೇಕಿತ್ತು. ಕೊಡದೆ ಹೋದವರನ್ನು ಬೆನ್ನಟ್ಟಿ ಹಿಡಿದು ತರುತ್ತಿದ್ದರಂತೆ.

ಆದ್ದರಿಂದ ಬಾರಕೂರಿನಲ್ಲಿ ಹುಡುಕಬೇಕಾದದ್ದು ಅರಬರ, ಪರ್ಷಿಯನ್ನರ, ಚೀನೀಯರ ಕಾಲದ ಬಂದರನ್ನು. ರೋಮನ್ ಚೂರು ಸಿಕ್ಕಿದರೆ ಸಂತೋಷ. ಅದಕ್ಕಾಗಿಯೇ ಅಗೆಯುತ್ತೇವೆ ಎಂದು ಹೊರಟರೆ ಮಧ್ಯದ ಸಾವಿರ ವರ್ಷದ ಪದರವನ್ನು ಕಿತ್ತು ಬಿಸಾಡಿದಂತಾಗುತ್ತದೆ.

ಹಳೆಬಂದರು:

ಮಾಸ್ತರರೇ, ರೋಮನ್ ಕಾಲದಲ್ಲಿ ನಮ್ಮ ಕರಾವಳಿ ಖಾಲಿ ಇತ್ತು ಎಂಬ ಅರ್ಥ ಬಾರದಿರಲಿ. ಮುಜಿರಿಸ್‌ಗೆ ಹೋಗುವುದು ಒಳ್ಳೆಯದಲ್ಲ, ಹತ್ತಿರದಲ್ಲೇ ನಿಟ್ರಿಯಾಸ್ ಎಂಬಲ್ಲಿ ಕಡಲುಗಳ್ಳರಿದ್ದಾರೆ ಎಂದು ರೋಮಿನ ಲೇಖಕ ಪ್ಲಿನಿ ಮೊದಲನೇ ಶತಮಾನದಲ್ಲೇ ಎಚ್ಚರಿಸಿದ್ದಾನೆ. ಗ್ರೀಕ್ ಭೂಗೋಳಶಾಸ್ತ್ರಜ್ಞ ಟಾಲೆಮಿ ನಿಟ್ರಾ ಎಂಬ ಪೇಟೆಯನ್ನು ಹೆಸರಿಸುತ್ತಾನೆ. ಇದನ್ನು ನೇತ್ರಾವತಿಯ ಅಳಿವೆಗೆ, ಅಂದರೆ ಮಂಗಳೂರಿಗೆ ಹೊಂದಿಸಿದ ವಿದ್ವಾಂಸರು ಅನೇಕರಿದ್ದಾರೆ. 6ನೇ ಶತಮಾನದ ಗ್ರೀಕ್ ಪ್ರವಾಸಿ ಕಾಸ್ಮಾಸ್ ಅಂತೂ ಮೆಣಸು ರಫ್ತು ಮಾಡುವ ಐದು ಬಂದರುಗಳ ಪಟ್ಟಿಯಲ್ಲಿ ಮಂಗರೂತ್ ಎಂದು ಬರೆದಿಟ್ಟಿದ್ದಾನೆ.

ಶಾಸನಪ್ರಿಯ:

ಒಪ್ಪುತ್ತೇನೆ. ಆದರೆ ಇವೆಲ್ಲ ಬೇರೆಯವರು ದೂರದಿಂದ ಬರೆದ ಬರಹಗಳು. ನೆಲದಿಂದ ಬಂದ ಸಾಕ್ಷಿ ಬೇಕು ಎಂದು ಈ ತಂಗಿ ಕೇಳುತ್ತಿರುವುದು ಅದಕ್ಕಾಗಿಯೇ.

ಪಾತಿದೋಣಿ:

ನಾನು ಹಂಗಾರಕಟ್ಟೆ ಕಡೆಯವನು. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಹೊಳೆಯ ಕೆಲಸವೇ. ಇತಿಹಾಸ ಓದಿದವನಲ್ಲ, ನೀರಿನ ಬಗ್ಗೆ ಮಾತ್ರ ಹೇಳುತ್ತೇನೆ.

ಸೀತಾ ಹೊಳೆಯೂ ಸ್ವರ್ಣಾ ಹೊಳೆಯೂ ಒಂದಾಗಿ ಕೋಡಿ ಬೆಂಗ್ರೆಯ ಹತ್ತಿರ ಸಮುದ್ರ ಸೇರುತ್ತವೆ. ಅಳಿವೆಯ ಬಾಯಿ ಒಂದೇ ಜಾಗದಲ್ಲಿ ನಿಲ್ಲುವಂಥದ್ದಲ್ಲ. ಮರಳದಂಡೆ ಬೆಳೆಯುತ್ತದೆ, ಒಂದು ಮಳೆಗಾಲದಲ್ಲಿ ಒಡೆಯುತ್ತದೆ, ಬಾಯಿ ಸರಿಯುತ್ತದೆ. ಹೊಳೆಯ ಒಳಗೂ ಹಾಗೆಯೇ. ಹೊಯಿಗೆ, ಅಂದರೆ ಮರಳು ತುಂಬಿದಲ್ಲಿ ಕುದ್ರು ಎನ್ನುವ ನಡುಗಡ್ಡೆ ಹುಟ್ಟುತ್ತದೆ, ಕುದ್ರುವಿನ ಮೇಲೆ ತೆಂಗು ನೆಡುತ್ತಾರೆ, ಆಮೇಲೆ ಅದು ಹಿಂದಿನಿಂದಲೂ ನೆಲವೇ ಆಗಿತ್ತೆಂದು ಎಲ್ಲರೂ ತಿಳಿಯುತ್ತಾರೆ. ಇಂದಿನ ದಡದಲ್ಲಿ ನಿಂತು ಇಬ್ನ್ ಬತೂತ ಇಲ್ಲೇ ಇಳಿದ ಎಂದರೆ ನಾನು ನಂಬುವುದಿಲ್ಲ. ಅವನ ಕಾಲದ ದಡ ಈಗ ಯಾರದೋ ಗದ್ದೆಯ ನಡುವೆ ಇರಬಹುದು.

ಇನ್ನೊಂದು ವಿಷಯ. ದೊಡ್ಡ ಹಡಗು ಬಾರಕೂರಿನ ತನಕ ಬರಲೇಬೇಕೆಂದಿಲ್ಲ. ಹೊರಗೆ ಲಂಗರು ಹಾಕಿ, ಸರಕನ್ನು ಚಿಕ್ಕ ದೋಣಿಗಳಿಗೆ ಇಳಿಸಿ, ಉಬ್ಬರದ ನೀರಿನ ಜೊತೆ ಒಳಗೆ ತರುವುದು ನಮ್ಮ ಅಜ್ಜಂದಿರ ಕಾಲದ ತನಕವೂ ಇತ್ತು. ಮಂಜಿ ಎನ್ನುವ ಸರಕಿನ ಹಾಯಿಹಡಗುಗಳು ಹೊರಗೆ ನಿಲ್ಲುತ್ತಿದ್ದವು, ಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮುಡಿ, ಹಂಚು ಎಲ್ಲ ದೋಣಿಯಲ್ಲಿ ಹೋಗುತ್ತಿತ್ತು. ಹಾಗಾಗಿ ಒಂದೇ ಬಂದರನ್ನು ಹುಡುಕಬೇಡಿ. ಅಳಿವೆಯಿಂದ ಬಾರಕೂರಿನ ತನಕ ಇರುವ ಕಡವುಗಳನ್ನೆಲ್ಲ, ಅಂದರೆ ದೋಣಿ ತಂಗುವ ಜಾಗಗಳನ್ನೆಲ್ಲ, ಸಾಲಾಗಿ ನೋಡಬೇಕು.

ಸೀತಾತೀರ:

ಅಣ್ಣ, ನೀವು ಹೇಳಿದ ರೀತಿಯನ್ನೇ ಪ್ಲಿನಿಯೂ ಬರೆದಿದ್ದಾನೆ! ಮುಜಿರಿಸ್‌ನಲ್ಲಿ ಹಡಗು ನಿಲ್ಲುವ ಜಾಗ ದಡದಿಂದ ದೂರವಿದೆ, ಸರಕನ್ನು ಚಿಕ್ಕ ದೋಣಿಗಳಲ್ಲಿ ಸಾಗಿಸಬೇಕು ಎಂದು. ಅಲ್ಲೇ ದಕ್ಷಿಣಕ್ಕೆ ಇನ್ನೊಂದು ಬಂದರಿಗೆ ಮೆಣಸು ಬರುವುದು ಒಂದೇ ಮರದ ದಿಮ್ಮಿಯಿಂದ ಕೊರೆದ ದೋಣಿಗಳಲ್ಲಿ ಎಂದೂ ಹೇಳುತ್ತಾನೆ. ಪಟ್ಟಣಂನಲ್ಲಿ ಸಿಕ್ಕಿದ್ದೂ ಅಂಥದ್ದೇ ದೋಣಿ.

ಹೊಳೆ ಸರಿಯುವುದರ ಬಗ್ಗೆಯೂ ಪಟ್ಟಣಂ ಕಡೆಯಿಂದ ಪಾಠವಿದೆ. ಮುಜಿರಿಸ್ ಎಂದರೆ ಕೊಡುಂಗಲ್ಲೂರು ಎಂದು ಎಲ್ಲರೂ ನಂಬಿದ್ದರು. 1945ರಲ್ಲಿ ಅಲ್ಲಿನ ಚೇರಮಾನ್ ಪರಂಬಿನಲ್ಲಿ ಅಗೆದರು, 1960ರ ದಶಕದಲ್ಲಿ ಮತ್ತೆ ಅಗೆದರು. ಮಧ್ಯಯುಗದ ವಸ್ತುಗಳು ಬಂದವು, ರೋಮನ್ ಕಾಲದ್ದು ಬರಲಿಲ್ಲ. ಪೆರಿಯಾರ್ ಹಿಂದೆ ದಕ್ಷಿಣಕ್ಕಿದ್ದು ಕ್ರಮೇಣ ಉತ್ತರಕ್ಕೆ ಸರಿದಿದೆ ಎಂದು ಭೂವಿಜ್ಞಾನದ ದಿಕ್ಕಿನಿಂದ ಕೆ.ಪಿ. ಶಾಜನ್ ತೋರಿಸಿದ ಮೇಲೆ ಗಮನ ದಕ್ಷಿಣದ ಪಟ್ಟಣಂ ಕಡೆ ತಿರುಗಿತು. ಗುದ್ದಲಿ ಹಿಡಿಯುವ ಮೊದಲು ಹಳೆಯ ಹೊಳೆಯ ಪಾತ್ರವನ್ನು ಹುಡುಕಬೇಕು. ಉಪಗ್ರಹ ಚಿತ್ರ, ಹಳೆಯ ಕಂದಾಯ ನಕ್ಷೆ, ನಿಮ್ಮಂಥ ದೋಣಿಯವರ ಮಾತು, ಮೂರನ್ನೂ ಕೂಡಿಸಿದರೆ ಎಷ್ಟೋ ಕೆಲಸ ಮುಗಿಯುತ್ತದೆ.

ಮುರಕಲ್ಲು:

ನಾನು ಬ್ರಹ್ಮಾವರ ಕಡೆ ಮನೆ, ಬಾವಿ, ಆವರಣ ಗೋಡೆ ಕಟ್ಟಿಸುವ ಗುತ್ತಿಗೆದಾರ. ನಿಮ್ಮ ಉತ್ಸಾಹಕ್ಕೆ ತಣ್ಣೀರು ಎರಚುವ ಉದ್ದೇಶವಿಲ್ಲ, ಆದರೆ ನೆಲದ ಮೇಲಿನ ಸಂಗತಿಯನ್ನೂ ಹೇಳಬೇಕು.

ಬಾರಕೂರಿನ ಕೇರಿಗಳೆಲ್ಲ ಇಂದು ಜನ ವಾಸಿಸುವ ಜಾಗ. ಹತ್ತು ಸೆಂಟ್ಸ್, ಹದಿನೈದು ಸೆಂಟ್ಸ್ ಜಾಗದಲ್ಲಿ ಮನೆ, ತೆಂಗು, ದನದ ಕೊಟ್ಟಿಗೆ. ಹಳೆಯದೇನಾದರೂ ಸಿಕ್ಕಿತೆಂದು ಹೇಳಿದರೆ ಕೆಲಸ ನಿಲ್ಲುತ್ತದೆ, ಜಾಗ ಹೋಗುತ್ತದೆ ಎಂಬ ಹೆದರಿಕೆ ಜನರಿಗಿದೆ. ಕೇಂದ್ರದ ಸಂರಕ್ಷಿತ ಸ್ಮಾರಕವಾದರೆ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್‌ಗೆ ಅನುಮತಿ ಬೇಕು. ಮಗಳ ಮದುವೆಗೆಂದು ಕೋಣೆ ಕಟ್ಟಲು ಹೊರಟವನಿಗೆ ಇದು ಸಣ್ಣ ಮಾತಲ್ಲ. ಹಾಗಾಗಿ ಪಾಯ ತೆಗೆಯುವಾಗ ಕೆತ್ತಿದ ಕಲ್ಲು ಬಂದರೆ ಮನೆಯವರೇ ಮೆಲ್ಲಗೆ ಮುಚ್ಚಿಸುತ್ತಾರೆ. ಬೋಕಿಯಾದರೆ ಕೇಳುವವರೇ ಇಲ್ಲ, ಮಣ್ಣಿನ ಜೊತೆ ಲಾರಿಗೆ ಹೋಗುತ್ತದೆ. ಎಷ್ಟೋ ಬಾವಿಗಳಲ್ಲಿ ಎಂಟು ಹತ್ತು ಅಡಿ ಕೆಳಗೆ ಬೋಕಿ ಬಂದದ್ದನ್ನು ನಾನೇ ಕಂಡಿದ್ದೇನೆ.

ಇನ್ನು ನಮ್ಮ ಮಣ್ಣು. ಮುರಕಲ್ಲಿನ ನೆಲ ಹುಳಿ (ಆಮ್ಲೀಯ) ನೆಲ. ಅದರಲ್ಲಿ ಮೂಳೆ, ಮರ, ಬಟ್ಟೆ ಉಳಿಯುವುದಿಲ್ಲ. ದೋಣಿ ಸಿಕ್ಕೀತು ಎಂಬ ಆಸೆ ಎಷ್ಟು ಸರಿ?

ಸೀತಾತೀರ:

ನಿಮ್ಮ ಮಾತಿನಲ್ಲಿ ಸತ್ಯವಿದೆ, ಆದರೆ ಕಾನೂನಿನ ವಿಷಯದಲ್ಲಿ ಒಂದು ಗೆರೆ ಎಳೆಯಲೇಬೇಕು. ಆ 100 ಮೀಟರ್, 200 ಮೀಟರ್ ನಿಯಮ ರಾಷ್ಟ್ರೀಯ ಮಹತ್ವದ್ದೆಂದು ಘೋಷಣೆಯಾದ ಸ್ಮಾರಕಗಳಿಗೆ. ಬಾವಿಯಲ್ಲಿ ಬೋಕಿ ಬಂತೆಂದು ಯಾರ ಮನೆಯೂ ಸಂರಕ್ಷಿತ ಸ್ಮಾರಕವಾಗುವುದಿಲ್ಲ. ಈ ಎರಡನ್ನೂ ಒಂದೇ ಎಂದು ಜನ ತಿಳಿದಿರುವುದೇ ದೊಡ್ಡ ನಷ್ಟ. ಪಟ್ಟಣಂನಲ್ಲೂ ನೆಲೆಯೆಲ್ಲ ಜನವಸತಿಯೇ. ಮನೆಗಳ ಅಂಗಳದಲ್ಲಿ, ತೆಂಗಿನ ಮರಗಳ ನಡುವೆ ಕಂದಕ ತೋಡಿ, ನೋಡಿ, ಅಳೆದು, ಮತ್ತೆ ಮುಚ್ಚಿದರು. ಸುಮಾರು 45 ಹೆಕ್ಟೇರ್ ನೆಲೆಯಲ್ಲಿ ಅವರು ಅಗೆದದ್ದು ಶೇಕಡಾ 1ಕ್ಕಿಂತಲೂ ಕಡಿಮೆ. ಜನ ಅಲ್ಲೇ ಬಾಳುತ್ತಿದ್ದಾರೆ.

ಮಣ್ಣಿನ ಬಗ್ಗೆ: ಒಣಗುತ್ತಾ ನೆನೆಯುತ್ತಾ ಇರುವ ಮೇಲಿನ ಪದರದಲ್ಲಿ ಮರ ಉಳಿಯುವುದಿಲ್ಲ, ನಿಜ. ವರ್ಷವಿಡೀ ನೀರಿನಲ್ಲೇ ಮುಳುಗಿರುವ ಕೆಸರಿಗೆ ಗಾಳಿ ತಾಗುವುದಿಲ್ಲ, ಗಾಳಿಯಿಲ್ಲದಿದ್ದರೆ ಮರ ಕೊಳೆಯುವುದು ತೀರಾ ನಿಧಾನ. ಪಟ್ಟಣಂನ ದೋಣಿ, ಗೂಟಗಳು ಉಳಿದದ್ದು ನೀರು ನಿಂತ ಜಾಗದಲ್ಲಿದ್ದುದರಿಂದಲೇ. ನಮ್ಮ ಕಡವುಗಳ ಬಳಿಯ ಕೆಸರೂ ಅಂಥದ್ದೇ. ಹೊಳೆಯಲ್ಲಿ ಯಂತ್ರ ಇಳಿಸಿ ಹೊಯಿಗೆ ತೆಗೆಯುವುದನ್ನು ನೋಡಿದಾಗ ನನ್ನ ಹೊಟ್ಟೆ ಉರಿಯುವುದು ಇದಕ್ಕೇ. ದಡ ಕುಸಿಯುವುದು ಎಲ್ಲರಿಗೂ ಕಾಣುತ್ತದೆ. ಅಡಿಯ ಪದರವೂ ಅದರ ಜೊತೆಯಲ್ಲೇ ಹೋಗುವುದು ಯಾರಿಗೂ ಕಾಣುವುದಿಲ್ಲ.

ಬಸ್ರೂರಿನವಳು:

ಬಾರಕೂರಿನವರ ಚರ್ಚೆಯಲ್ಲಿ ಬಸ್ರೂರಿನ ಹೆಸರೇ ಬರಲಿಲ್ಲವಲ್ಲ! ವಾರಾಹಿ ದಡದ ನಮ್ಮ ಊರೂ ಕೋಟೆ, ಕೇರಿಗಳಿದ್ದ ಬಂದರು. ಪೋರ್ಚುಗೀಸರ ಬಾರ್ಸೆಲೋರ್ ಇದೇ. ಇಲ್ಲಿಂದ ಹೋಗುತ್ತಿದ್ದ ಮುಖ್ಯ ಸರಕು ಅಕ್ಕಿ. ಗೋವೆಗೆ, ಮಸ್ಕತ್, ಹೋರ್ಮುಜ್ ಕಡೆಗೆ ಕರಾವಳಿಯ ಅಕ್ಕಿ ಹೋಗುತ್ತಿತ್ತು. 1665ರಲ್ಲಿ ಶಿವಾಜಿ ಸಮುದ್ರಮಾರ್ಗವಾಗಿ ಬಂದು ಬಸ್ರೂರನ್ನು ಲೂಟಿ ಮಾಡಿದ. ಬಡ ಊರನ್ನು ಲೂಟಿ ಮಾಡಲು ಯಾರೂ ಕಡಲು ದಾಟಿ ಬರುವುದಿಲ್ಲ.

ಮೆಣಸಿನ ಬಗ್ಗೆ ಎಲ್ಲರೂ ಬರೆಯುತ್ತಾರೆ, ಅಕ್ಕಿಯ ಬಗ್ಗೆ ಯಾರೂ ಬರೆಯುವುದಿಲ್ಲ ಎಂಬುದು ನನ್ನ ಹಳೆಯ ಬೇಸರ. ಅಕ್ಕಿ ಬೆಳೆದವರು, ಮುಡಿ ಕಟ್ಟಿದವರು, ಹೊತ್ತವರು ನಮ್ಮ ಹಿರಿಯರು. ಅಗೆಯುವುದಾದರೆ ಆ ಗೋದಾಮುಗಳ ನೆಲವನ್ನೂ ಅಗೆಯಿರಿ. ಸುಟ್ಟು ಕರಿಯಾದ ಭತ್ತದ ಕಾಳು ಸಾವಿರಾರು ವರ್ಷ ಉಳಿಯುತ್ತದೆ, ಅದರಿಂದ ಕಾಲವನ್ನೂ ಕಂಡುಹಿಡಿಯಬಹುದು.

ಕುದ್ರುಮನೆ:

ನಮ್ಮ ಮಲ್ಪೆಯಲ್ಲಿ ನಡೆಯುವ ಕಥೆ ಎನ್ನುವ ಗ್ರೀಕ್ ನಾಟಕವನ್ನು ಯಾರೂ ಹೇಳಲಿಲ್ಲವೇಕೆ? ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ ಪಪೈರಸ್‌ನಲ್ಲಿ ಕನ್ನಡದ ಮಾತುಗಳಿವೆ ಎಂದು ಓದಿದ್ದೇನೆ. ಅದಕ್ಕಿಂತ ದೊಡ್ಡ ಸಾಕ್ಷಿ ಏನು ಬೇಕು?

ಶಾಸನಪ್ರಿಯ:

ಅದು 1903ರಲ್ಲಿ ಪ್ರಕಟವಾದ ಪ್ರಹಸನ. ಭಾರತದ ಕರಾವಳಿಯಲ್ಲಿ ಸಿಕ್ಕಿಬಿದ್ದ ಕಾರಿಷನ್ ಎಂಬ ಗ್ರೀಕ್ ಹೆಣ್ಣನ್ನು ಬಿಡಿಸಿಕೊಂಡು ಹೋಗುವ ಕಥೆ. ಶಾಮಾಶಾಸ್ತ್ರಿಗಳು ಕನ್ನಡವೆಂದು ಓದಿದರು, ಮಂಜೇಶ್ವರದ ಗೋವಿಂದ ಪೈಗಳು ಆ ಚರ್ಚೆಯನ್ನು ಬೆಳೆಸಿದರು, ತುಳು ಎಂದವರೂ ಇದ್ದಾರೆ, ಅರ್ಥವಿಲ್ಲದ ನಗೆಯ ಸದ್ದುಗಳು ಎಂದವರೂ ಇದ್ದಾರೆ. ಗೋವಿಂದ ಪೈಗಳ ಮೇಲೆ ನನಗೆ ಅಪಾರ ಗೌರವ. ಆದರೂ ರಂಗದ ಮೇಲೆ ನಗಿಸಲು ಬರೆದದ್ದನ್ನು ಮಲ್ಪೆಯ ಭೂಪಟವಾಗಿ ಬಳಸಲು ಬರುವುದಿಲ್ಲ. ಮಲ್ಪೆಯಲ್ಲಿ ಒಂದು ಅಂಫೋರಾ ಚೂರು ಪದರದ ಒಳಗೆ ಸಿಕ್ಕಿದರೆ ಅದು ಇಡೀ ಪಪೈರಸ್‌ಗಿಂತ ಹೆಚ್ಚು ಮಾತನಾಡುತ್ತದೆ.

ಹಳೆಬಂದರು:

ಕಾಗದದ ಸಾಕ್ಷಿಯಲ್ಲೂ ನೆಲಕ್ಕೆ ದಾರಿ ತೋರಿಸುವಂಥದ್ದು ಇದೆ. ಮಂಗಳೂರಿನದೇ ಒಂದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಕೈರೋದ ಬೆನ್ ಎಜ್ರಾ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಹಳೆಯ ಕಾಗದಗಳನ್ನು ಹಾಕಿಡುವ ಕೋಣೆಯೊಂದಿತ್ತು. 19ನೇ ಶತಮಾನದ ಕೊನೆಯಲ್ಲಿ ಅಲ್ಲಿಂದ ಲಕ್ಷಾಂತರ ತುಣುಕುಗಳು ಹೊರಬಂದವು. ಅವುಗಳಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿಯ ಪತ್ರಗಳಿವೆ. ಟ್ಯುನೀಷಿಯಾ ಮೂಲದ ಈತ 1132ರಿಂದ 1149ರ ನಡುವಿನ ಬಹುಪಾಲು ಕಾಲವನ್ನು ಮಂಗಳೂರಿನಲ್ಲಿ ಕಳೆದ. ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ 1132ರಲ್ಲಿ ಮಂಗಳೂರಿನಲ್ಲೇ ಬರೆದದ್ದು. ಏಡನ್‌ನ ಪಾಲುದಾರರಿಗೆ ಇಲ್ಲಿಂದ ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಹೋಗುತ್ತಿತ್ತು. ಅವರು ಅಲ್ಲಿಂದ ಬರೆಯುವ ಕಾಗದವನ್ನೂ ಸಕ್ಕರೆಯನ್ನೂ ಕಳಿಸುತ್ತಿದ್ದರು.

ನನ್ನ ಗಮನ ಇರುವುದು ಇನ್ನೊಂದು ಸಂಗತಿಯ ಮೇಲೆ. ಅವನಿಗೆ ಇಲ್ಲಿ ಕಂಚು ಹಿತ್ತಾಳೆ ಎರಕದ ಕಾರ್ಖಾನೆಯಿತ್ತು. ಒಡೆದ ಪಾತ್ರೆಗಳನ್ನೂ ಲೋಹವನ್ನೂ ಏಡನ್‌ನಿಂದ ಹಡಗಿನಲ್ಲಿ ಕಳಿಸಿ, ಇಂಥ ಅಳತೆಯ ಬೋಗುಣಿ ಮಾಡಿಸು, ಇಂಥ ದೀಪ ಮಾಡಿಸು ಎಂದು ಬರೆಯುತ್ತಿದ್ದರು. ಹಡಗಿನ ಬಾಡಿಗೆ ಕೊಟ್ಟು ಇಷ್ಟು ದೂರ ಕಳಿಸಬೇಕಾದರೆ ಇಲ್ಲಿನ ಎರಕದವರ ಕೈ ಎಂಥದ್ದಿರಬೇಕು? ಕದ್ರಿಯ ಲೋಕೇಶ್ವರನನ್ನು ನೋಡಿದವರಿಗೆ ಆಶ್ಚರ್ಯವಾಗುವುದಿಲ್ಲ. ಪೀಠದ ಶಾಸನದ ಪ್ರಕಾರ ಅದು 968ರದ್ದು, ಆಳುಪ ಕುಂದವರ್ಮನ ಕಾಲದ್ದು. ಬೆನ್ ಯಿಜು ಬರುವುದಕ್ಕೆ ಒಂದೂವರೆ ಶತಮಾನಕ್ಕೂ ಮೊದಲೇ ಈ ಊರಿನಲ್ಲಿ ಅಂಥ ಕಂಚಿನ ವಿಗ್ರಹವಿತ್ತು.

ಎರಕದ ಶಾಲೆ ಗುರುತು ಬಿಡದೆ ಹೋಗುವುದಿಲ್ಲ. ಲೋಹದ ಕಿಟ್ಟ, ಲೋಹ ಕರಗಿಸುವ ಮೂಸೆಯ ಚೂರು, ಸುಟ್ಟ ಮಣ್ಣು, ಇದ್ದಿಲು ಹುಳಿ ನೆಲದಲ್ಲೂ ಉಳಿಯುತ್ತವೆ. ಬಂದರು ಪ್ರದೇಶದಲ್ಲಿ ಹಳೆಯ ಕಟ್ಟಡ ಕೆಡವಿ ಬಹುಮಹಡಿ ಎಬ್ಬಿಸಲು ಆಳವಾದ ಗುಂಡಿ ತೋಡುತ್ತಲೇ ಇದ್ದಾರೆ. ಪ್ರತಿ ಗುಂಡಿಯೂ ಪುಕ್ಕಟೆ ಸಿಕ್ಕಿದ ಉತ್ಖನನ. ಪುರಾತತ್ವ ಓದಿದ ಒಬ್ಬರು ಅರ್ಧ ದಿನ ಅಲ್ಲಿ ನಿಂತರೆ ಸಾಕು. ಯಾರೂ ನಿಲ್ಲುವುದಿಲ್ಲ ಎಂಬುದೇ ನನ್ನ ಸಂಕಟ.

ಮುರಕಲ್ಲು:

ಹಾಗಾದರೆ ನೇರವಾಗಿ ಕೇಳುತ್ತೇನೆ. ನನ್ನ ಕೆಲಸದವರಿಗೆ ಬೋಕಿ ಸಿಕ್ಕಿದರೆ ಏನು ಮಾಡಬೇಕು? ಹಳೆಯದು ಯಾವುದು, ನಿನ್ನೆ ಮೊನ್ನೆಯದು ಯಾವುದು ಎಂದು ಗುರುತಿಸುವುದು ಹೇಗೆ? ಕೆಲಸ ನಿಲ್ಲಿಸಲು ನನಗೆ ಸಾಧ್ಯವಿಲ್ಲ, ದಿನಗೂಲಿಯ ಲೆಕ್ಕ ಓಡುತ್ತಿರುತ್ತದೆ. ಅದರೊಳಗೆ ಆಗುವಂಥದ್ದು ಹೇಳಿ.

ಶಾಸನಪ್ರಿಯ:

ಗುರುತಿಸುವ ಕೆಲಸ ತಿಳಿದವರದು, ನಿಮ್ಮದಲ್ಲ. ಆದರೂ ಒಂದೆರಡು ಸೂಚನೆ ಕೊಡುತ್ತೇನೆ. ಯಂತ್ರದಲ್ಲಿ ಒತ್ತಿದ, ಅಕ್ಷರವೋ ಚಿತ್ರವೋ ಇರುವ ಕೆಂಪು ಚೂರಾದರೆ ಅದು ಮಂಗಳೂರು ಹಂಚು. ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ, ಅದಕ್ಕಿಂತ ಹಳೆಯದಿರಲು ಸಾಧ್ಯವಿಲ್ಲ. ಹಂಚು ಸಿಗುವ ಪದರ ಮುಗಿದು ಅದರ ಕೆಳಗೆ ಬರುವ ಬೋಕಿಯ ಬಗ್ಗೆ ಎಚ್ಚರ ವಹಿಸಿ. ಹಸಿರು, ನೀಲಿ ಹೊಳಪಿನ ಚೂರುಗಳನ್ನು ಬಿಸಾಡಲೇಬೇಡಿ, ಅವು ಪರ್ಷಿಯಾ ಕಡೆಯವೋ ಚೀನಾದವೋ ಆಗಿರಬಹುದು. ಪಟ್ಟಣಂನ ಕೆಲವು ಅಂಫೋರಾ ಚೂರುಗಳ ಮಣ್ಣಿನಲ್ಲಿ ಕರಿಯ ಮಿನುಗುವ ಮರಳು ಕಾಣುತ್ತದೆ, ಇಟಲಿಯ ಜ್ವಾಲಾಮುಖಿ ಸೀಮೆಯ ಗುರುತು ಅದು. ನಾಣ್ಯದ ಮೇಲೆ ಜೋಡಿ ಮೀನು ಕಂಡರೆ ಅದು ಆಳುಪರದ್ದಾಗಿರಬಹುದು. ನಾಣ್ಯ, ಚಿನ್ನ, ವಿಗ್ರಹ ಸಿಕ್ಕಿದರೆ ನಿಧಿಯ ಕಾನೂನು ಬರುತ್ತದೆ, ಕೂಡಲೇ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. ಅದನ್ನು ಮುಚ್ಚಿಟ್ಟರೆ ಅಪರಾಧ.

ಸೀತಾತೀರ:

ಕೆಲಸ ನಿಲ್ಲಿಸಬೇಡಿ. ನನ್ನ ಕೋರಿಕೆ ಇಷ್ಟೇ: ಬೋಕಿ ಕಂಡಾಗ ನೆಲದ ಮಟ್ಟದಿಂದ ಎಷ್ಟು ಅಡಿ ಕೆಳಗೆ ಎಂದು ಟೇಪ್ ಹಿಡಿದು ನೋಡಿ. ಬಾವಿಯ ಗೋಡೆಯ ಫೋಟೋ ತೆಗೆಯಿರಿ, ಮಣ್ಣಿನ ಬಣ್ಣ ಬದಲಾಗುವ ಗೆರೆ ಅದರಲ್ಲಿ ಕಾಣಬೇಕು. ಆ ಆಳದ ಚೂರುಗಳನ್ನು ತೊಳೆಯದೆ ಒಂದು ಚೀಲಕ್ಕೆ ಹಾಕಿ, ಚೀಲದೊಳಗೆ ಆಳ, ದಿನಾಂಕ, ಜಾಗ ಬರೆದ ಚೀಟಿ ಇಡಿ. ಬೇರೆ ಆಳದ್ದಕ್ಕೆ ಬೇರೆ ಚೀಲ. ಚೂರು ಎಷ್ಟೇ ಚೆನ್ನಾಗಿದ್ದರೂ ಯಾವ ಆಳದ್ದೆಂದು ಗೊತ್ತಿಲ್ಲದಿದ್ದರೆ ಅದರ ಅರ್ಧ ಬೆಲೆ ಹೋಯಿತು. ಮನೆಯವರ ಹೆಸರು ಎಲ್ಲೂ ಬೇಡ. ಶಿರ್ವದ ಕಾಲೇಜಿನ ಪುರಾತತ್ವ ವಿಭಾಗದವರು ಜಿಲ್ಲೆಯಲ್ಲಿ ಇಂಥ ಕೆಲಸ ಮಾಡುತ್ತಾ ಬಂದಿದ್ದಾರೆ, ಚೀಲಗಳನ್ನು ಅವರ ಬಳಿಗೆ ನಾನೇ ತಲುಪಿಸುತ್ತೇನೆ. ಪಾದೂರು ಗುರುರಾಜ ಭಟ್ಟರು ಒಂದು ಕಾಲದಲ್ಲಿ ಊರೂರು ಅಲೆದು ದೇವಸ್ಥಾನ, ಮೂರ್ತಿ, ಶಾಸನಗಳನ್ನು ದಾಖಲಿಸಿದ್ದರಿಂದ ತುಳುನಾಡಿನ ಇತಿಹಾಸಕ್ಕೆ ಬುನಾದಿ ಸಿಕ್ಕಿತು. ಬಾವಿಗಳ ದಾಖಲೆಯನ್ನು ಊರವರು ಸೇರಿ ಮಾಡಲು ಸಾಧ್ಯ. ಹತ್ತಾರು ಬಾವಿಗಳ ಆಳ ಒಂದು ನಕ್ಷೆಯ ಮೇಲೆ ಕೂಡಿದರೆ, ಇಂಥಲ್ಲಿ ಅಗೆಯಿರಿ ಎಂದು ಇಲಾಖೆಯನ್ನು ಕೇಳಲು ಕೈಯಲ್ಲಿ ಆಧಾರವಿರುತ್ತದೆ.

ಪಾತಿದೋಣಿ:

ಕಡವುಗಳ ಪಟ್ಟಿ ನಾನು ಮಾಡಿಕೊಡುತ್ತೇನೆ. ಸಂಕ, ಸೇತುವೆ ಬಂದ ಮೇಲೆ ನಿಂತುಹೋದ ಕಡವುಗಳು ಯಾವುವೆಂದು ಹಿರಿಯರಿಗೆ ನೆನಪಿದೆ, ಅವರು ಇರುವಾಗಲೇ ಕೇಳಿಟ್ಟುಕೊಳ್ಳಬೇಕು. ಬೇಸಿಗೆಯ ಇಳಿತದ ದಿನ ಬಂದರೆ ದೋಣಿಯಲ್ಲಿ ಕರೆದುಕೊಂಡು ಹೋಗಿ ತೋರಿಸುತ್ತೇನೆ. ನೀರು ಇಳಿದಾಗ ಮಾತ್ರ ದಡದ ಕೆಳಗಿನ ಪದರ ಕಾಣುತ್ತದೆ.

ಮುರಕಲ್ಲು:

ಮುಂದಿನ ವಾರ ಕೋಟೆಕೇರಿ ಕಡೆ ಒಂದು ಬಾವಿಯ ಕೆಲಸ ಶುರುವಾಗುತ್ತದೆ. ಮನೆಯವರ ಹತ್ತಿರ ಮಾತನಾಡಿದೆ. ಕೆಲಸ ನಿಲ್ಲಿಸುವುದಿಲ್ಲ, ಹೆಸರು ಹಾಕುವುದಿಲ್ಲ ಎಂದ ಮೇಲೆ ಒಪ್ಪಿದರು. ಚೀಲ ನಾನು ತರುತ್ತೇನೆ, ಚೀಟಿಯಲ್ಲಿ ಏನೇನು ಬರೆಯಬೇಕೋ ಅದರ ಒಂದು ಮಾದರಿ ಇಲ್ಲಿ ಹಾಕಿ ತಂಗೀ, ನಮ್ಮ ಮೇಸ್ತ್ರಿಗೆ ತೋರಿಸುತ್ತೇನೆ.

ಸೀತಾತೀರ:

ಹೀಗೆ ಬರೆದರೆ ಸಾಕು ಅಣ್ಣ: ಕೇರಿಯ ಹೆಸರು. ಹೊಳೆಯಿಂದ ಅಂದಾಜು ದೂರ. ದಿನಾಂಕ. ನೆಲದಿಂದ ಎಷ್ಟು ಅಡಿ ಆಳ. ಮಣ್ಣಿನ ಬಣ್ಣ. ನೀರು ಎಷ್ಟು ಆಳಕ್ಕೆ ಬಂತು. ಮಂಗಳೂರು ಹಂಚಿನ ಚೂರು ಎಷ್ಟು ಆಳದ ತನಕ ಸಿಕ್ಕಿತು. ಬರಹ ಪೆನ್ಸಿಲಿನಲ್ಲಿರಲಿ, ಪೆನ್ನಿನ ಶಾಯಿ ಒದ್ದೆಯಾದರೆ ಅಳಿಸಿಹೋಗುತ್ತದೆ.